ಗಾಂಧಿ ಗಂಜಿನ ಸಮುದ್ರ

ಅವರ ಕೆಳತುಟಿಯ ನಡುವೆ ಸದಾ ಒಂದು ಬಣ್ಣದ ಚುಕ್ಕೆ ಇರುತ್ತಿತ್ತು. ಹೆಚ್ಚಿನ ದಿನ ಕೆಂಪು, ಕೆಲವು ದಿನ ಹಸಿರು, ಯಾರದಾದರೂ ಮನೆಯ ಹಳೆಯ ಮದುವೆ ಫೋಟೋ ಕೈಯಲ್ಲಿದ್ದರೆ ಅರಿಶಿನ. ಫೋಟೋಗಳಿಗೆ ಬಣ್ಣ ತುಂಬುವ ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಿಟ್ಟು ಎಳೆಯುವ ಚಟ ಅವರಿಗೆ. ಅವರ ಹೆಂಡತಿ, ಚಾಚಿ, ಎಷ್ಟು ಬೈದರೂ ಬಿಡಲಿಲ್ಲ. ಚಹಾ ಕುಡಿದಿಟ್ಟ ಕಪ್ಪಿನ ಅಂಚಿನಲ್ಲೂ ಆ ಚುಕ್ಕೆಯ ಗುರುತು ಉಳಿಯುತ್ತಿತ್ತು. ಇವತ್ತು ಯಾವ ಕೆಲಸ ನಡೆದಿದೆ ಎಂದು ತಿಳಿಯಬೇಕಾದರೆ ನಾನು ಮೇಜು ನೋಡುತ್ತಿರಲಿಲ್ಲ, ಅವರ ತುಟಿ ನೋಡುತ್ತಿದ್ದೆ.

ಬೀದರಿನ ಮಂದಿ ಅವರನ್ನು ಸ್ಟುಡಿಯೋ ಚಾಚಾ ಅನ್ನುತ್ತಿದ್ದರು. ನನಗೆ ಬರೀ ಚಾಚಾ. ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯ ತೊಗರಿ, ಕಡಲೆ ಚೀಲಗಳ ನಡುವೆ ದಾರಿ ಮಾಡಿಕೊಂಡು, ಹಮಾಲರ ಕೈಗಾಡಿಗೆ ಮೈ ತಾಗಿಸದೆ ದಾಟಿದರೆ, ಅಡತಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಅವರ ಸ್ಟುಡಿಯೋ. ಹೊರಗೆ ಬೇಳೆಯ ಧೂಳು, ಲಾರಿಯ ಹಾರ್ನು. ಬಾಗಿಲಿನ ದಪ್ಪ ಕರಿ ಬಟ್ಟೆ ಸರಿಸಿ ಒಳಗೆ ಕಾಲಿಟ್ಟರೆ ಸಮುದ್ರ.

ಅದು ಪರದೆಯ ಸಮುದ್ರ. ಒಂದು ಗೋಡೆ ಪೂರ್ತಿ ಚಾಚಾ ತಮ್ಮ ಕೈಯಾರೆ ಬರೆದದ್ದು. ಅವರು ಸಮುದ್ರ ನೋಡಿದವರೇ ಅಲ್ಲ. ಹಡಗಿನಲ್ಲಿ ಹಜ್‌ಗೆ ಹೋಗಿ ಬಂದ ಹಿರಿಯರನ್ನು, ಮುಂಬೈಗೆ ಬೇಳೆ ಒಯ್ಯುವ ಲಾರಿ ಡ್ರೈವರುಗಳನ್ನು, ರಜೆಗೆ ಬಂದ ಒಬ್ಬ ಸಿಪಾಯಿಯನ್ನು ಕೂರಿಸಿಕೊಂಡು, ಚಹಾ ತರಿಸಿಕೊಟ್ಟು, ಸಮುದ್ರದ ಬಣ್ಣ ಯಾವುದು ಎಂದು ಕೇಳಿ ಬರೆದಿದ್ದರು. ಒಬ್ಬ ನೀಲಿ ಅಂದ, ಇನ್ನೊಬ್ಬ ಹಸಿರು ಅಂದ, ಮತ್ತೊಬ್ಬ ಬೂದಿ ಬಣ್ಣ ಅಂದ. ಹಾಜಿ ಒಬ್ಬರು ಮಾತ್ರ, ನನಗೆ ವಾಂತಿ ಬಿಟ್ಟರೆ ಏನೂ ನೆನಪಿಲ್ಲ ಅಂದರಂತೆ. ಚಾಚಾ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಪರದೆಯ ಮೇಲೆ ಆ ಎಲ್ಲ ಬಣ್ಣಗಳೂ ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಮಲಗಿದ್ದವು.

ನೆಲದ ಮೇಲೆ ಹಾಸಿದ್ದ ಪರದೆಯ ಕೆಳಗಿನ ಅಂಚಿಗೆ, ಫೋಟೋಕ್ಕೆ ನಿಂತವರ ಕಾಲು ಬರುವ ಜಾಗದಲ್ಲಿ, ಸಮುದ್ರದ ತಳವನ್ನೂ ಬರೆದಿದ್ದರು. ಮೀನು, ಶಂಖ, ನಡುನಡುವೆ ರಾಶಿ ರಾಶಿ ಕೆಂಪು ಹವಳ. ಹವಳವೆಂದರೆ ಅವರಿಗೆ ನಮ್ಮ ಹೆಣ್ಣುಮಕ್ಕಳ ತಾಳಿಯಲ್ಲಿ ಪೋಣಿಸುವ ಕೆಂಪು ಮಣಿ. ಅದು ಸಮುದ್ರದ ತಳದಲ್ಲಿ ಕಾಳಿನ ಹಾಗೆ ಗುಡ್ಡೆ ಬಿದ್ದಿರುತ್ತದೆ ಎಂದೇ ಅವರ ಲೆಕ್ಕ.

"ಇದು ಯಾರ ಫೋಟೋದಾಗೂ ಬರಂಗಿಲ್ಲಲ್ಲರಿ ಚಾಚಾ," ಎಂದು ಒಮ್ಮೆ ಕೇಳಿದ್ದೆ.

"ಬರಬ್ಯಾಡ. ಸಮುದ್ರ ಅಂದ ಮ್ಯಾಲ ತಳ ಇರಬೇಕಿಲ್ಲ?" ಅಂದರು.

ನಾನು ಭಾಲ್ಕಿಯವಳು. ದಿನಾ ಬಸ್ಸಿನಲ್ಲಿ ಬೀದರಿನ ಕಾಲೇಜಿಗೆ ಬರುತ್ತಿದ್ದೆ. ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂದು ಅವರ ಸ್ಟುಡಿಯೋಗೆ ಹೋದದ್ದು ಮೊದಲ ಭೇಟಿ. ಕ್ಯಾಮೆರಾ ಎದುರು ಕೂತರೆ ನನಗೆ ಕಣ್ಣು ಮುಚ್ಚುವ ರೋಗ. ಐದು ಸಲ ತೆಗೆದರು, ಐದು ಸಲವೂ ಮುಚ್ಚಿದೆ. ನನ್ನದು ಮೂಗಿನ ತುದಿಯ ಸಿಟ್ಟು. ಎದ್ದು ನಿಂತು, ನಿಮ್ಮ ಕ್ಯಾಮೆರಾ ಸರಿಯಿಲ್ಲ ಅಂದೆ. ಅವರು ನಗಲಿಲ್ಲ. ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ತಾವು ಹೋಗಿ ಸ್ಟೂಲಿನ ಮೇಲೆ ಕೂತರು. "ಹಂಗಾದ್ರ ನೀ ತಗಿ ನೋಡಮು," ಅಂದರು. ಒತ್ತಿದೆ. ಅವರೂ ಕಣ್ಣು ಮುಚ್ಚಿದ್ದರು. ಬೇಕೆಂದೇ ಮುಚ್ಚಿದರೋ ಅವರಿಗೂ ಆ ರೋಗವಿತ್ತೋ, ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಮರುವಾರ ನಮ್ಮಪ್ಪನ ಬಟ್ಟೆ ಅಂಗಡಿಗೇ ಬಂದರು. ಅವರ ಓಣಿಗಳ ಮದುವೆಗಳಲ್ಲಿ ಹೆಂಗಸರ ಕೋಣೆಗೆ ಗಂಡು ಫೋಟೋಗ್ರಾಫರ್ ಹೋಗುವಂತಿಲ್ಲ. ವಧುವಿನ ಫೋಟೋ ಬೇಕು, ತೆಗೆಯುವವರಿಲ್ಲ. "ನಿಮ್ಮ ಮಗಳನ್ನ ಕೊಡ್ರಿ, ನನ್ನ ಮಗಳ ಹಂಗ ನೋಡ್ಕೋತೇನಿ," ಎಂದು ಕೇಳಿದರು. ಅಪ್ಪ ಒಂದು ಥಾನು ಬಟ್ಟೆ ಬಿಚ್ಚಿ, ಮತ್ತೆ ಸುತ್ತಿಟ್ಟು ಒಪ್ಪಿದರು.

ಹಾಗೆ ನಾನು ಫೋಟೋ ಕಲಿತದ್ದು ಹೆಂಗಸರ ಕೋಣೆಯ ಪರದೆಯ ಒಳಗೆ, ಗುರುಗಳು ಪರದೆಯ ಹೊರಗೆ. ಒಳಗೆ ಕಿಟಕಿ ಮುಚ್ಚಿದ ಸಣ್ಣ ಕೋಣೆ, ಅದರಲ್ಲಿ ಮೂವತ್ತು ನಲವತ್ತು ಹೆಂಗಸರು, ಅತ್ತರು, ಮಲ್ಲಿಗೆ, ಜರಿಯ ಮಿಣಕು, ನಡುವೆ ತಲೆ ಬಗ್ಗಿಸಿದ ವಧು. ನಾನು ಗಾಬರಿಯಲ್ಲಿ ಪಟಪಟ ಒತ್ತುತ್ತಿದ್ದೆ. ಆಚೆಯಿಂದ ಶಬ್ದ ಕೇಳಿಸಿಕೊಂಡೇ ಅವರಿಗೆ ತಿಳಿಯುತ್ತಿತ್ತು.

"ಬೇಟಿ, ಭಾಳ ಖಟ್ ಖಟ್ ಆಗ್ಲಾಕತ್ತದ. ಹತ್ರ ಹೋಗು. ಇನ್ನ ಹತ್ರ. ಆ ಮಂದಿಗೆ ನೀ ಅಲ್ಲೇ ಹುಟ್ಟಿದಾಕಿ ಅನಸಬೇಕು. ಉಸಿರು ಹಿಡೀಬ್ಯಾಡ. ಮೆಲ್ಲಕ ಬಿಡು, ಬಿಡುವಾಗ ಒತ್ತು."

ಬೇರೆ ಸ್ಟುಡಿಯೋಗಳಲ್ಲಿ ಉಸಿರು ಹಿಡಿ ಅನ್ನುತ್ತಿದ್ದರು. ಚಾಚಾ ಒಬ್ಬರೇ ಬಿಡು ಅನ್ನುವವರು. ಉಸಿರು ಹಿಡಿದವರ ಕೈ ಕಲ್ಲಾಗುತ್ತದೆ, ಮುಂದಿನವರ ಮುಖವೂ ಕಲ್ಲಾಗುತ್ತದೆ ಎಂದು ಅವರ ವಾದ.

ಅವರ ಇನ್ನೊಂದು ಕೆಲಸವನ್ನು ಹೇಳದಿದ್ದರೆ ಅವರನ್ನು ಅರ್ಧ ಹೇಳಿದಂತೆ. ನಮ್ಮ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹೂವು ಮುಡಿಸಿ, ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಎಷ್ಟೋ ಮನೆಗಳಿಗೆ ನೆನಪಾಗುವುದು, ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಲಿಲ್ಲವೆಂದು. ಆಗ ಚಾಚಾ ಬರಬೇಕು. ಫೋಟೋ ತೆಗೆದು ತೊಳೆದು, ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬರೆದು ಕೊಡುತ್ತಿದ್ದರು. ಅದಕ್ಕೆ ಕಣ್ಣು ತೆರೆಸುವುದು ಎಂದು ಹೆಸರು. ಭಾಲ್ಕಿ, ಔರಾದ್ ಕಡೆಯ ಎಷ್ಟೋ ಪಡಸಾಲೆಗಳಲ್ಲಿ ಇವತ್ತಿಗೂ ಗೋಡೆಯಿಂದ ನೋಡುತ್ತಿರುವುದು ಚಾಚಾ ಬರೆದ ಕಣ್ಣುಗಳೇ.

ಚಿಂತಾಕಿಯಲ್ಲಿ ನನ್ನ ತಾಯಿಯ ತಾಯಿ, ನಮ್ಮ ಆಯಿ, ಹೋದಾಗಲೂ ಅವರೇ ಬಂದರು. ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹೊಲದ ಬಾವಿಗೆ ನೂಕಿ ಈಜು ಕಲಿಸಿದವಳು ಆ ಆಯಿ. ಚಾಚಾ ಫೋಟೋ ತೆಗೆದುಕೊಂಡು ಹೋದವರು ಹದಿನೈದು ದಿನದ ಮೇಲೆ ಕಣ್ಣಿಲ್ಲದ ಪ್ರಿಂಟು ಹಿಡಿದು ಮತ್ತೆ ಚಿಂತಾಕಿಗೆ ಬಂದರು.

"ಕಣ್ಣು ತೆರಸ್ಲೇನ್ರಿ?" ಎಂದು ಮೊದಲು ಕೇಳಿದರು. ಮನೆಯವರೆಲ್ಲ ಹೂಂ ಅಂದರು. ಆಮೇಲೆ ಅವರ ಎರಡನೆಯ ಪ್ರಶ್ನೆ: "ಆಯಿ ಯಾವ ಕಡಿ ನೋಡ್ತಿದ್ರು?"

ಸೊಸೆ, ನಮ್ಮ ಅತ್ತಿ, ಒಳಬಾಗಿಲಿಂದ ಮೆಲ್ಲಗೆ ಅಂದಳು: "ಹಿತ್ತಲ ಬಾಗಲಾ ಕಡಿರಿ. ನಾ ತವರಿಗಿ ಏನು ಕಟ್ಟಿ ಕಳಸ್ತೇನಿ ಅಂತ."

ಚಾಚಾ ಹಾಗೇ ಬರೆದರು. ಕರಿಗುಡ್ಡೆ ಕೂದಲೆಳೆಯಷ್ಟು ಎಡಕ್ಕೆ. ಫೋಟೋ ಗೋಡೆಗೆ ಏರಿದ ದಿನ ಅತ್ತಿ ಕೈಯಲ್ಲಿ ಹಿಟ್ಟಿನ ಬುಟ್ಟಿ ಹಿಡಿದು ಹಿತ್ತಲಿಗೆ ಹೊರಟವಳು, ತಲೆ ಎತ್ತಿ ನೋಡಿ, ಬುಟ್ಟಿ ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಗೋಡೆಗೆ ಒರಗಿ ಕೂತು ಅತ್ತಳು. ಆಯಿ ಹೋದ ದಿನ ಅವಳು ಅತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಚಾಚಾ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಮನಿಯವರನ್ನ ಕೇಳಲಾರ್ದ ಯಾರ ಕಣ್ಣೂ ತೆರಸಬಾರ್ದು ಬೇಟಿ. ಮುಚ್ಚಿದ್ದೇ ಛಲೋ ಅನ್ನೋರೂ ಇರ್ತಾರ. ಅದು ಅವರ ಹಕ್ಕು, ನಮ್ದಲ್ಲ."

ಓದು ಮುಗಿದ ಮೇಲೆ ಅಂಡಮಾನಿನಲ್ಲಿ ಪ್ರವಾಸಿಗರನ್ನು ಸಮುದ್ರದೊಳಗೆ ಕರೆದೊಯ್ಯುವ ಒಂದು ಕೇಂದ್ರದವರಿಗೆ ಫೋಟೋಗ್ರಾಫರ್ ಬೇಕಾಗಿದೆ ಎಂದು ತಿಳಿಯಿತು. ಈಜು ಬರಬೇಕು, ಮಿಕ್ಕದ್ದನ್ನು ಕಲಿಸುತ್ತೇವೆ ಎಂದಿದ್ದರು. ಮನೆಯಲ್ಲಿ ಅಮ್ಮ ಊಟ ಬಿಟ್ಟಳು. ಅಪ್ಪನನ್ನು ಒಪ್ಪಿಸಿದವರು ಚಾಚಾ. ಆಮೇಲೆ ನನ್ನನ್ನು ಪರದೆಯ ಮುಂದೆ ನಿಲ್ಲಿಸಿಕೊಂಡು ತಮ್ಮ ಗುಟ್ಟು ಹೇಳಿದರು. ಕಣ್ಣಿನ ನರ ಒಣಗುತ್ತಿದೆ, ಎರಡೂ ನಿಧಾನವಾಗಿ ಹೋಗುತ್ತವೆ, ಸ್ವಲ್ಪ ಮುಂದೂಡಬಹುದು, ತಿರುಗಿ ತರಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಚಾಚಿಗೂ ಆಗ ಅದು ತಿಳಿದಿರಲಿಲ್ಲ.

"ಮ್ಯಾಲಿಂದು ಮಂದಿ ಹೇಳಿದ್ದು ಕೇಳಿ ಬರದೀನಿ. ತಳ ನಾನೇ ಅಂದಾಜು ಹೊಡದೀನಿ. ನೀ ಇಳದು ನೋಡು. ನೋಡಿ ನನಗ ತೋರ್ಸು. ಕಣ್ಣು ಇರೂದರಾಗ ತೋರ್ಸು," ಅಂದರು.

ಆವತ್ತಿನಿಂದ ನನ್ನ ತಲೆಯಲ್ಲಿ ಉಳಿದದ್ದು ಇದೊಂದೇ ಕೆಲಸ. ಸಂಬಳದ ಕೆಲಸ ಬೇರೆ.

ಮೊದಲ ಸಲ ಬೆನ್ನಿಗೆ ಸಿಲಿಂಡರ್ ಕಟ್ಟಿದಾಗ ನನಗೆ ನೆನಪಾದದ್ದು ಆಯಿಯ ಸೋರೆಬುರುಡೆ. ಅದು ತೇಲಿಸುತ್ತಿತ್ತು, ಇದು ಮುಳುಗಿಸುತ್ತದೆ. ನೀರೊಳಗೆ ಹೋದವಳೇ ಹೆದರಿ ಉಸಿರು ಕಟ್ಟಿದೆ. ಕಲಿಸುವವರು ಮೊದಲೇ ಹೇಳಿದ್ದರು, ಇಲ್ಲಿ ಉಸಿರು ಹಿಡಿಯುವುದೇ ದೊಡ್ಡ ತಪ್ಪು ಎಂದು. ಆದರೆ ನನಗೆ ಕೇಳಿಸಿದ್ದು ಅವರ ಮಾತಲ್ಲ. ಮೆಲ್ಲಕ ಬಿಡು ಬೇಟಿ. ಬಿಟ್ಟೆ. ಗುಳ್ಳೆಗಳು ಮೇಲಕ್ಕೆ ಹೋದವು, ನಾನು ಕೆಳಕ್ಕೆ ಹೋದೆ. ಶಬ್ದವೆಲ್ಲ ಮೇಲೆಯೇ ಉಳಿಯಿತು. ಕಾಲಿಗೆ ನೆಲವಿಲ್ಲ, ಮೈಗೆ ಭಾರವಿಲ್ಲ. ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಜಾಗವಿರುತ್ತದಲ್ಲ, ಅಲ್ಲಿ ಕಣ್ಣು ಬಿಟ್ಟುಕೊಂಡೇ ಇಳಿಯುತ್ತಿದ್ದೆ. ಬೆಳಕು ಮೇಲಿಂದ ಸೀರೆಯ ಸೆರಗಿನಂತೆ ಅಲ್ಲಾಡುತ್ತಿತ್ತು. ತಳದಲ್ಲಿ ಹವಳದ ದಿಬ್ಬ ಒಂದು ಊರೇ ಆಗಿ ಹರಡಿತ್ತು. ಅದರ ಓಣಿಗಳಲ್ಲಿ ಮೀನುಗಳು ತಮ್ಮ ತಮ್ಮ ಕೆಲಸದ ಮೇಲೆ ಓಡಾಡುತ್ತಿದ್ದವು. ಗಿಳಿಯಂಥ ಕೊಕ್ಕಿನ ಮೀನೊಂದು ಹವಳವನ್ನು ಕಟಕಟ ಕಡಿಯುವ ಸದ್ದು ಕೇಳಿ, ಇದು ಗಂಜಿನ ಯಾವುದೋ ಬೇಳೆ ಗಿರಣಿ ಅಂದುಕೊಂಡೆ.

ಆ ವರ್ಷದ ಫೋಟೋಗಳನ್ನು ಪ್ರಿಂಟು ಹಾಕಿಸಿಕೊಂಡು ಊರಿಗೆ ಓಡಿದೆ. ಚಾಚಾ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಲ್ಲ ನೀಲಿ. ನೀಲಿ ಮೀನು, ನೀಲಿ ಹವಳ, ನೀಲಿ ಮರಳು.

"ಕೆಂಪು ಯಾರು ತಿಂದ್ರು?" ಅಂದರು.

ನಾಲ್ಕಾಳು ಆಳಕ್ಕೆ ಇಳಿದರೆ ನೀರು ಕೆಂಪನ್ನು ನುಂಗಿಬಿಡುತ್ತದೆ ಎಂದು ವಿವರಿಸಿದೆ. ನನ್ನ ಬೆರಳು ಕೊಯ್ದಾಗ ರಕ್ತವೂ ಕಪ್ಪು ಹಸಿರಾಗಿ ಕಂಡಿತ್ತು ಅಂದೆ. ಕೆಂಪು ಕಲ್ಲಿನ, ಕೆಂಪು ಮಣ್ಣಿನ ಊರಿನ ಮನುಷ್ಯ ಅವರು. ಕೆಂಪಿಲ್ಲದ ಜಾಗವೊಂದಿದೆ ಎಂಬುದು ಅವರ ಗಂಟಲಲ್ಲಿ ಇಳಿಯಲಿಲ್ಲ. ಎರಡು ದಿನ ಯೋಚಿಸಿ ಮೂರನೆಯ ದಿನ ಹೇಳಿದರು: "ಅದು ಹೋಗಿಲ್ಲ ಬೇಟಿ. ಕತ್ತಲದಾಗ ಕುಂತದ. ಹೆಂಗಸರ ಕೋಣ್ಯಾಗ ಏನ್ ಮಾಡ್ತಿದ್ದಿ? ದೂರದಿಂದ ಫ್ಲ್ಯಾಶ್ ಹೊಡದ್ರ ಜರಿ ಮಿಂಚ್ತಿತ್ತು, ಮುಖ ಬರ್ತಿರಲಿಲ್ಲ. ಬೆಳಕು ತಗೊಂಡು ಹತ್ರ ಹೋಗು."

ಅಲ್ಲಿನವರು ನನಗೆ ಪುಸ್ತಕ ಕೊಟ್ಟು ಕಲಿಸುತ್ತಿದ್ದದ್ದೂ ಅದನ್ನೇ. ಆದರೆ ಹೆಂಗಸರ ಕೋಣೆ ಅಂದ ಕೂಡಲೇ ನನ್ನ ಕೈಗೆ ಅರ್ಥವಾಯಿತು. ಮುಂದಿನ ಸಲ ಮೊಳದಷ್ಟು ಹತ್ತಿರ ಹೋದೆ, ಅಲ್ಲೇ ಹುಟ್ಟಿದವಳಂತೆ ಸುಮ್ಮನೆ ತೂಗಿಕೊಂಡು ಇದ್ದೆ. ಬಂಡೆಯ ಸಂದಿಯಿಂದ ಒಂದು ಪುಟ್ಟ ಸೀಗಡಿ ಹೊರಬಂದು ದೊಡ್ಡ ಮೀನಿನ ತೆರೆದ ಬಾಯೊಳಗೆ ಹೋಗಿ ಹಲ್ಲು ಸ್ವಚ್ಛ ಮಾಡತೊಡಗಿತು. ಉಸಿರು ಬಿಡುತ್ತ ಒತ್ತಿದೆ. ಫ್ಲ್ಯಾಶಿನ ಬೆಳಕಿಗೆ ಆ ಸೀಗಡಿಯ ಬೆನ್ನಿನ ಕೆಂಪು ಎದ್ದು ಬಂತು. ಆ ಪ್ರಿಂಟನ್ನು ನೋಡಿದ ದಿನ ಚಾಚಾ ಗಂಜಿನ ನಾಲ್ಕು ಅಂಗಡಿಗೆ ಅದನ್ನು ಒಯ್ದು ತೋರಿಸಿ ಬಂದರು.

ಹೀಗೆ ಕೆಲವು ವರ್ಷ ನಡೆಯಿತು. ವರ್ಷಕ್ಕೊಮ್ಮೆ ನಾನು ಬರುವುದು, ಅವರು ನೋಡುವುದು. ಪ್ರತಿ ವರ್ಷ ಪ್ರಿಂಟು ಅವರ ಮೂಗಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಕೇಳಿದರೆ, "ನೀನೇ ಹತ್ರ ಹೋಗ್ಲಾಕತ್ತಿ, ನಾನೂ ಹೋಗ್ಲಾಕತ್ತೀನಿ," ಎಂದು ತಮಾಷೆ ಮಾಡುತ್ತಿದ್ದರು.

ಒಂದು ಬೇಸಿಗೆ ಸಮುದ್ರದ ನೀರೇ ಬಿಸಿಯಾಯಿತು. ನನಗೆ ಅಂಗಳದಷ್ಟು ಪರಿಚಯವಾಗಿದ್ದ ದಿಬ್ಬವೊಂದು ವಾರ ವಾರಕ್ಕೆ ಬಣ್ಣ ಬಿಡುತ್ತ ಬಂತು. ಕೊನೆಗೊಂದು ದಿನ ಇಳಿದು ನೋಡಿದರೆ ಎಲ್ಲ ಬಿಳಿ, ಸುಣ್ಣ ಹೊಡೆದಂತೆ. ಮೀನುಗಳು ಮನೆಯ ವಿಳಾಸ ಮರೆತವರಂತೆ ಸುತ್ತುತ್ತಿದ್ದವು. ನೀರೊಳಗೆ ಅತ್ತರೆ ಮಾಸ್ಕಿನೊಳಗೇ ಅಳಬೇಕು. ಅತ್ತೆ, ಫೋಟೋ ತೆಗೆದೆ. ಅದರಲ್ಲಿ ಹನ್ನೆರಡನ್ನು ಆರಿಸಿ ದೊಡ್ಡ ಪ್ರಿಂಟು ಹಾಕಿಸಿ ಊರಿಗೆ ತಂದೆ. ಔರಾದ್ ಕಡೆಯ ಒಂದು ಶಾಲೆಯವರು ಮಕ್ಕಳಿಗೆ ಸಮುದ್ರ ತೋರಿಸಿ ಎಂದು ಕೇಳಿದ್ದರು. ಚೌಕಟ್ಟು ಹಾಕಿಸಲು ಪ್ರಿಂಟುಗಳನ್ನು ಚಾಚಾ ಹತ್ತಿರ ಬಿಟ್ಟೆ. ಅಮ್ಮನಿಗೆ ಜ್ವರ ಎಂದು ಭಾಲ್ಕಿಗೆ ಓಡಿದವಳು ಅವು ಯಾತರ ಫೋಟೋ ಎಂದು ಹೇಳಲೂ ಇಲ್ಲ.

ಐದನೆಯ ದಿನ ಸ್ಟುಡಿಯೋಗೆ ಹೋಗಿ, ಚಾಚಾ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಗಂಟನ್ನು ಬಿಚ್ಚಿ ನೋಡದೆ ಹಾಗೇ ಎತ್ತಿಕೊಂಡು ಔರಾದ್ ಬಸ್ಸು ಹತ್ತಿದೆ. ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ, ಸಮುದ್ರ ಬಿಸಿಯಾಗಿ ಹವಳ ಹೇಗೆ ಬಿಳಿಯಾಯಿತು ಎಂದು ವರ್ಣಿಸಿ, ಈಗ ನೋಡಿ ಎಂದು ಗಂಟು ಬಿಚ್ಚಿದೆ.

ಕೆಂಪು. ಇಡೀ ದಿಬ್ಬ ಕೆಂಪು. ಬಿಳಿ ಇದ್ದಲ್ಲೆಲ್ಲ ಕುಂಚದ ತುದಿಯಿಂದ, ಒಂದು ಗೆರೆ ಹೊರಗೆ ಹೋಗದಂತೆ, ತಾಳಿಯ ಹವಳದ ಕೆಂಪು ತುಂಬಿತ್ತು.

"ಅಕ್ಕಾ, ಇವು ನಮ್ಮವ್ವನ ತಾಳ್ಯಾಗೂ ಅವ," ಎಂದಳು ಮುಂದೆ ಕೂತ ಹುಡುಗಿ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹನ್ನೊಂದು ಫೋಟೋ ಹಾಗಿದ್ದವು. ಕೊನೆಯದೊಂದು ಮಾತ್ರ ಬಿಳಿ. ಅದನ್ನು ಎತ್ತಿ ತೋರಿಸುವ ಬುದ್ಧಿಯೂ ನನಗೆ ಆ ಹೊತ್ತು ಬರಲಿಲ್ಲ. ಏನೇನೋ ಹೇಳಿ ಮುಗಿಸಿ, ಸಿಟ್ಟಿನಲ್ಲಿ ಕುದಿಯುತ್ತ ಬೀದರಿಗೆ ಬಂದೆ.

ಚಾಚಾ ಸ್ಟೂಲಿನ ಮೇಲೆ ಕೂತಿದ್ದರು. ತುಟಿಯ ಮೇಲೆ ಕೆಂಪು ಚುಕ್ಕೆ ಇನ್ನೂ ಮಾಸಿರಲಿಲ್ಲ. "ಬಂದಿ? ಮಕ್ಕಳು ಏನಂದ್ರು?" ಎಂದು ನಗುಮುಖ ಎತ್ತಿದರು. "ನಿನ್ನ ಫ್ಲ್ಯಾಶ್ ಭಾಳ ಹೊಡದಿತ್ತು ಬೇಟಿ, ಎಲ್ಲಾ ಸುಟ್ಟು ಬಿಳಿ ಆಗಿತ್ತು. ನಿನ್ನ ಹೆಸರು ಕೆಡಬಾರ್ದಂತ ನಾಕು ದಿನ ಕುಂತು ತುಂಬಿದೆ. ಒಂದು ಉಳೀತು, ಕೆಂಪು ತೀರಿತ್ತು."

"ನಿಮಗ ಕಣ್ಣು ಕಾಣ್ಸಂಗಿಲ್ಲೇನ್ರಿ ಚಾಚಾ?" ಅಂದೆ. ಯಾರಿಗೆ ಏನು ಅಂದೆ ಎಂದು ತಿಳಿಯುವಷ್ಟರಲ್ಲಿ ಮುಂದಿನ ಮಾತೂ ಬಂದಾಗಿತ್ತು. "ಅವು ಸತ್ತಾವ. ಸತ್ತದ್ದನ್ನ ತೋರ್ಸಲಾಕ ತಂದಿದ್ದೆ. ಅದಕ್ಕ ಬಣ್ಣ ಬಳದ್ರಿ."

ಹೊರಗೆ ಯಾರೋ ಲಾರಿಗೆ ಚೀಲ ಏರಿಸುತ್ತಿದ್ದರು.

"ಬಿಳಿ ಕಾಣ್ತು ಬೇಟಿ. ಯಾತಕ್ಕ ಬಿಳಿ ಅಂಬೋದು ಕಾಣಲಿಲ್ಲ," ಅಂದರು. "ಮೂವತ್ತು ವರ್ಷ ಮನಿಯವರನ್ನ ಕೇಳಿ ಕಣ್ಣು ತೆರಸೀನಿ. ಈ ಸಲ ಕೇಳಲಿಲ್ಲ. ಕೇಳಿದ್ರ ನನಗ ಕಾಣ್ಸಲ್ಲಂತ ನಿನಗ ಗೊತ್ತಾಗ್ತಿತ್ತು. ತಪ್ಪು ನಂದದ."

ನಾನು ಅವರ ಕಾಲ ಹತ್ತಿರ, ಪರದೆಯ ಕೆಂಪು ಹವಳದ ಮೇಲೆಯೇ ಕೂತೆ. ನಾಲ್ಕು ದಿನ ಆ ಕಣ್ಣಿಟ್ಟುಕೊಂಡು, ಒಂದು ಗೆರೆ ತಪ್ಪದೆ ಅವರು ಹೇಗೆ ಬರೆದರು ಎಂದು ಇವತ್ತಿಗೂ ತಿಳಿಯದು. ನಾನು ಸುಳ್ಳೂ ಹೇಳಿದ್ದೆ. ಅವು ಸತ್ತಿರಲಿಲ್ಲ. ಅದನ್ನೇ ಈಗ ನಿಧಾನವಾಗಿ ಬಿಡಿಸಿ ಹೇಳಿದೆ. ಹವಳ ಅಂದರೆ ಕಲ್ಲಲ್ಲ, ಸಾವಿರಾರು ಪುಟ್ಟ ಜೀವ ಕೂಡಿ ಕಟ್ಟಿಕೊಂಡ ಓಣಿ. ಆ ಜೀವಗಳ ಮೈಯೊಳಗೆ ಇನ್ನೂ ಸಣ್ಣ ಜೀವಗಳು ಬಾಡಿಗೆಗೆ ಇರುತ್ತವೆ. ಬಣ್ಣ ಅವುಗಳದ್ದೇ, ಊಟ ಹಾಕುವುದೂ ಅವೇ. ನೀರು ಬಿಸಿಯಾದರೆ ಬಾಡಿಗೆಯವರು ಮನೆ ಬಿಡುತ್ತಾರೆ. ಬೇಗ ತಂಪಾದರೆ ತಿರುಗಿ ಬರಬಹುದು, ಬರದೆಯೂ ಇರಬಹುದು.

"ಹಂಗಾದ್ರ ಸತ್ತಿಲ್ಲ. ಉಪಾಸ ಅವ," ಅಂದರು ಚಾಚಾ.

"ಹೂಂರಿ."

"ಉಪಾಸ ಇದ್ದೋರಿಗಿ ನಾ ಕಣ್ಣು ಬರೀಬಾರ್ದು. ಅವೇ ತೆರೀಬೇಕು." ಬಿಳಿ ಉಳಿದಿದ್ದ ಹನ್ನೆರಡನೆಯ ಪ್ರಿಂಟನ್ನು ಕೇಳಿ ಇಸಿದುಕೊಂಡು ತಮ್ಮ ಮೇಜಿನ ಎದುರಿಗೆ ತೂಗುಹಾಕಿಸಿದರು. ಪೆಂಟೆ ಬೆಲ್ಲದ ದೊಡ್ಡ ಮುದ್ದೆಯ ಗಾತ್ರದ ಒಂದು ಗುಂಡು ಹವಳ ಅದರಲ್ಲಿತ್ತು. "ಬಣ್ಣ ಬಂದ ದಿನ ಬಂದು ಹೇಳು. ನಾ ಇರ್ತೇನಿ."

ಆಮೇಲೆ ಎರಡು ಮಳೆಗಾಲ ಕಳೆದವು. ಪ್ರತಿ ತಿಂಗಳು ಫೋನಿನಲ್ಲಿ ಒಂದೇ ಪ್ರಶ್ನೆ: "ಎದ್ದಾವೇನು?" ಇನ್ನೂ ಇಲ್ಲ ಅನ್ನುತ್ತಿದ್ದೆ. ಬಹಳಷ್ಟು ಹವಳದ ಮೇಲೆ ಪಾಚಿ ಕಟ್ಟಿತು. ಅವುಗಳ ಕಥೆ ಮುಗಿಯಿತು. ಆದರೆ ಒಂದು ಬೆಳಿಗ್ಗೆ ಆ ಗುಂಡು ಹವಳದ ಬುಡದಲ್ಲಿ ಕಂದು ಬಣ್ಣದ ಉಂಗುರ ಕಂಡಿತು. ನಂಬಿಕೆಯಾಗದೆ ಕೈಯ ದೀಪ ಹಿಡಿದು ನೋಡಿದೆ. ಎರಡು ತಿಂಗಳು ಕಾದೆ. ಕಂದು ಮೇಲೇರಿ ಹವಳವನ್ನು ಪೂರ್ತಿ ಮುಚ್ಚಿತು.

ಬೀದರಿಗೆ ಬಂದು ಇಳಿದಾಗ ಚಾಚಾಗೆ ಬೆಳಕು ಯಾವ ಕಡೆಯಿದೆ ಎಂಬಷ್ಟೇ ಗೊತ್ತಾಗುತ್ತಿತ್ತು. ಸ್ಟುಡಿಯೋಗೆ ಗಿರಾಕಿ ಇರಲಿಲ್ಲ. ಚಾಚಿ ಚಿದ್ರಿಯ ಮನೆಯಿಂದ ದಿನಾ ಅವರನ್ನು ಕರೆತಂದು ಸಮುದ್ರದ ಮುಂದೆ ಕೂರಿಸಿ, ತಾನೂ ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಕೈಯಲ್ಲಿ ಹೊಸ ಫೋಟೋ, ನೋಡಬೇಕಾದವರ ಕಣ್ಣು ಖಾಲಿ. ಕಣ್ಣಿರುವುದರಲ್ಲಿ ತೋರಿಸು ಅಂದಿದ್ದರು. ನಾನು ತಡವಾಗಿ ಬಂದಿದ್ದೆ.

"ಸುಳ್ಳು ಹೇಳಬ್ಯಾಡ. ಎಷ್ಟು ಎದ್ದಾವ?" ಎಂದು ಕೇಳಿದರು.

"ಆ ಹನ್ನೆರಡು ಫೋಟೋದಾಗಿಂದು ಮೂರುರಿ."

"ಮೂರು," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಕಮ್ಮಿಯಾಯಿತು ಅಂದುಕೊಂಡರೋ ಅಷ್ಟಾದರೂ ಆಯಿತಲ್ಲ ಅಂದುಕೊಂಡರೋ ತಿಳಿಯಲಿಲ್ಲ. "ಈ ಗೋಡಿ ಮ್ಯಾಲಿಂದು?"

"ಎದ್ದದರಿ. ಕೆಂಪಲ್ಲ, ಕಂದು."

"ಯಾವ ಕಂದು? ತೊಗರಿ ಹೊಟ್ಟಿಂದೋ, ಬೆಲ್ಲದ್ದೋ?"

"ಬೆಲ್ಲದ್ದು. ಹೊಸಾ ಬೆಲ್ಲ. ತುದ್ಯಾಗ ಸ್ವಲ್ಪ ಹಸಿರು ಅದ, ಎಳೀ ಕಡ್ಲಿ ಸೊಪ್ಪಿಂದು."

ಅವರ ಮುಖ ಬಿರಿಯಿತು. ಗೋಡೆಯ ಬಿಳಿ ಪ್ರಿಂಟನ್ನು ಇಳಿಸಲು ಹೇಳಿದರು. ಬಣ್ಣದ ಡಬ್ಬಿ ತರಿಸಿದರು. ನನಗೆ ಅರ್ಥವಾಯಿತು. ಆದರೂ ಅವರು ಕೈ ಕಟ್ಟಿ ಸುಮ್ಮನೆ ಕೂತೇ ಇದ್ದರು.

"ಚಾಚಾ?"

"ಮನಿಯವರು ಕೇಳಬೇಕು," ಅಂದರು.

"ಚಾಚಾ, ಇದರ ಕಣ್ಣು ತೆರಸಿ ಕೊಡ್ರಿ."

ಆಮೇಲೆ ನಡೆದದ್ದನ್ನು ನಾನು ಎಷ್ಟೋ ಸಲ ನೀರೊಳಗೆ ತೂಗುತ್ತ ನೆನೆಸಿಕೊಂಡಿದ್ದೇನೆ. ಕುಂಚ ನನ್ನ ಕೈಯಲ್ಲಿ, ನನ್ನ ಮಣಿಕಟ್ಟು ಅವರ ಕೈಯಲ್ಲಿ. ಕಂದು ಎರಡು ಹನಿ, ಹಳದಿ ಒಂದು, ಹಸಿರು ತುದಿಗೆ ತಾಕಿಸಿದಷ್ಟು ಎಂದು ಅವರು ಹೇಳುವುದು, ನಾನು ಬೆರೆಸಿ ಬುಡದಿಂದ ಮೇಲಕ್ಕೆ ತುಂಬುವುದು. ನಾನು ಅವಸರ ಮಾಡಿದರೆ ಅವರ ಬೆರಳು ಬಿಗಿಯಾಗುತ್ತಿತ್ತು. ಕುಂಚದ ಕೂದಲು ಬಿಚ್ಚಿಕೊಂಡಾಗ ಯೋಚಿಸದೆ ಅದನ್ನು ತುಟಿಗಿಟ್ಟು ಎಳೆದೆ.

"ಈಗ ನಿನಗೂ ಹತ್ತಿತು ಈ ರೋಗ," ಎಂದಳು ಚಾಚಿ, ಅಕ್ಕಿಯ ಮೊರದಿಂದ ತಲೆ ಎತ್ತದೆ.

ಕೆಲಸ ಮುಗಿದ ಮೇಲೆ ಚಾಚಾ ಸ್ಟೂಲನ್ನು ಪರದೆಗೆ ಒತ್ತಿ ಕೂತರು. "ಈಗ ನನ್ನ ಕರಕೊಂಡು ಇಳಿ," ಅಂದರು. ನಾನು ಹೇಳುತ್ತ ಹೋದೆ. ದೋಣಿಯ ಅಂಚು, ತಣ್ಣನೆ ನೀರು, ಕಿವಿಯಲ್ಲಿ ಒತ್ತುವ ಮೌನ, ಮೊದಲು ಕೆಂಪು ಹೋಗುವುದು, ಆಮೇಲೆ ಕಿತ್ತಳೆ. ಕಾಣದ ಕಣ್ಣನ್ನೂ ಅವರು ಮುಚ್ಚಿಕೊಂಡಿದ್ದರು. ಮುಖ ಸ್ವಲ್ಪ ಕೆಳಕ್ಕೆ ಬಾಗಿತ್ತು. ನಾನು ಮಾತು ನಿಲ್ಲಿಸದೆ ಕ್ಯಾಮೆರಾ ಎತ್ತಿ, ಉಸಿರು ಬಿಡುತ್ತ ಒತ್ತಿದೆ.

"ಫೋಟೋ ನಂದೇನು?" ಎಂದರು ಶಬ್ದಕ್ಕೆ.

"ಹೂಂರಿ. ಕಣ್ಣು ಮುಚ್ಚೀರಿ. ಇನ್ನೊಂದು ತೆಗೀತೇನಿ."

"ಬ್ಯಾಡ. ಮೊದಲು ತಳ ಮುಟ್ಟಸು."

ತಳ ಮುಟ್ಟುವವರೆಗೂ ಹೇಳಿದೆ. ಇನ್ನೊಂದು ಫೋಟೋ ತೆಗೆಯುವುದು ಮರೆತೇಹೋಯಿತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದ್ವೀಪದಲ್ಲಿದ್ದೆ. ಬೀದರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮೂರು ದಿನವಾಗಿತ್ತು. ಚಾಚಿ ಇದ್ದತ್ತಿನಲ್ಲಿದ್ದಳು, ಗಂಡ ತೀರಿದ ಮೇಲಿನ ಆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವಂತಿರಲಿಲ್ಲ. ಒಳಕೋಣೆಯ ಪರದೆ ಸರಿಸಿ ಹೋದೆ. ಅವಳು ನನ್ನ ಕೈ ಹಿಡಿದುಕೊಂಡು, ಅಷ್ಟು ಮಂದಿಯ ಫೋಟೋ ತೆಗೆದವರದು ಮನೆಯಲ್ಲಿ ಒಂದೂ ಇಲ್ಲ, ನನಗೊಂದು ಬೇಕು ಅಂದಳು. ಕಾಲೇಜಿನ ದಿನ ನಾನು ಒತ್ತಿದ್ದು ಎಂದೋ ಕಳೆದಿತ್ತು. ನನ್ನ ಬಳಿ ಇದ್ದದ್ದು ಅವರು ಸ್ಟೂಲಿನ ಮೇಲೆ ಕೂತೇ ತಳಕ್ಕಿಳಿದ ದಿನದ್ದೊಂದೇ. ಅದರ ಪ್ರಿಂಟು ಹಾಕಿಸಿ, ಸ್ಟುಡಿಯೋದ ಬೀಗ ತೆಗೆದು ಅವರ ಮೇಜಿನ ಮೇಲಿಟ್ಟು, ಮರುದಿನ ಅದನ್ನೂ ಬಣ್ಣದ ಡಬ್ಬಿಯನ್ನೂ ಹಿಡಿದು ಚಿದ್ರಿಗೆ ಹೋದೆ. ಹೇಗೆ ಕೇಳಬೇಕೆಂದು ಅವರೇ ಕಲಿಸಿದ್ದರು.

"ಚಾಚಿ, ಕಣ್ಣು ತೆರಸ್ಲೇನ್ರಿ? ಚಾಚಾ ಯಾವ ಕಡಿ ನೋಡ್ತಿದ್ರು?"

ಚಾಚಿ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಹಿಂದೆ ಪಟ್ಟಿ ಪಟ್ಟಿಯ ಸಮುದ್ರ, ಮುಂದೆ ಮುಖ ಬಾಗಿಸಿ ಕಣ್ಣು ಮುಚ್ಚಿ ಕೂತ ಚಾಚಾ, ತುಟಿಯ ಮೇಲೆ ಬೆಲ್ಲದ ಬಣ್ಣದ ಚುಕ್ಕೆ. ಆವತ್ತು ಕುಂಚ ಪೂರ್ತಿ ನನ್ನ ಕೈಯಲ್ಲೇ ಇತ್ತು ಅಂದುಕೊಂಡಿದ್ದೆ. ನಡುವೆ ಯಾವಾಗ ಇಸಿದುಕೊಂಡಿದ್ದರೋ.

"ರಹನೇ ದೇ ಬೇಟಿ," ಅಂದಳು ಚಾಚಿ. "ಏನೂ ಬರೀಬ್ಯಾಡ. ನೋಡ್ಲಾಕತ್ತಾರ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.